ನಿಮಗಿದು ಗೊತ್ತೇ? ಕೋಟೆಯ ಮಣ್ಣು, ಎಣ್ಣೆ ಪೀಪಾಯಿ, ಹಳೇ ಸೀರೆ

● ಬೀದರಿನಲ್ಲಿ ಮಣ್ಣಿನ ರುಚಿ ನೋಡಿ ಆರಿಸುವ ಕಸುಬುದಾರರಿದ್ದಾರೆ, ಗೊತ್ತೇ? ಬಿದರಿ ಹೂಜಿಯ ಮೈಮೇಲಿನ ಆ ಗಾಢ ಕಪ್ಪು ಯಾವ ಬಣ್ಣದ ಡಬ್ಬಿಯಿಂದಲೂ ಬಂದದ್ದಲ್ಲ, ಬೀದರ್ ಕೋಟೆಯ ಮಣ್ಣಿನಿಂದ ಬಂದದ್ದು. ಎಲ್ಲೆಂದರಲ್ಲಿ ಅಗೆದ ಮಣ್ಣು ಇದಕ್ಕೆ ಬಾರದು. ಬಹುಕಾಲದಿಂದ ಬಿಸಿಲು ಮಳೆ ತಾಕದ, ಹಳೆಯ ಗೋಡೆಗಳ ಒಳಮೂಲೆಯ ಮಣ್ಣೇ ಆಗಬೇಕು. ಚಿಟಿಕೆಯಷ್ಟನ್ನು ನಾಲಿಗೆಗೆ ಹಚ್ಚಿಕೊಂಡು ಇದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಪಳಗಿದವರು ಹೇಳಿಬಿಡುತ್ತಾರೆ.

ಕೆಲಸ ನಡೆಯುವ ಬಗೆ ಕೇಳಿ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರುತ್ತಾರೆ. ಲೋಹ ಸದ್ಯಕ್ಕೆ ಕಪ್ಪಾಗುತ್ತದೆ, ಅದರ ಮೇಲೆ ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ಉಳಿ, ಸುತ್ತಿಗೆ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ತಿಕ್ಕಿ ಹೊಳಪು ಕೊಟ್ಟ ಮೇಲೆ ಸತುವೂ ಬೆಳ್ಳಿಯೂ ಹತ್ತಿರಹತ್ತಿರ ಒಂದೇ ಬಣ್ಣಕ್ಕೆ ಬಂದು, ಅಷ್ಟು ದಿನ ಕೊರೆದ ಹೂಬಳ್ಳಿಯೇ ಕಣ್ಣಿಗೆ ಸರಿಯಾಗಿ ಕಾಣದಂತಾಗುತ್ತದೆ. ಆಗ ಬರುತ್ತದೆ ಮಣ್ಣಿನ ಸರದಿ. ನವಸಾಗರ ಬೆರೆಸಿ ಕಲಸಿದ ಕೋಟೆಯ ಮಣ್ಣನ್ನು ಬೆಚ್ಚಗೆ ಕಾಯಿಸಿದ ಪಾತ್ರೆಗೆ ಬಳಿದು ಉಜ್ಜಿದರೆ ಮೈಯೆಲ್ಲ ಕಪ್ಪು, ಬೆಳ್ಳಿ ಮಾತ್ರ ಹಾಗೆಯೇ ಬೆಳ್ಳಗೆ! ಸತುವಿನ ಜೊತೆ ಆ ಒಂದಿಷ್ಟು ತಾಮ್ರ ಇರದಿದ್ದರೆ ಈ ಕಪ್ಪು ಹಿಡಿಯುವುದಿಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

● ಬೆಳಕಿಗೆ ಹಿಡಿದರೆ ಆಚೆಯ ಬೆರಳು ನೆರಳಾಗಿ ಕಾಣುವ ದುಬಾರಿ ‘ಬೋನ್ ಚೈನಾ’ ಕಪ್ಪಿನಲ್ಲಿ ಸುಮಾರು ಅರ್ಧದಷ್ಟು ದನದ ಮೂಳೆಯ ಬೂದಿ ಇರುತ್ತದೆ. 18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನ ಸ್ಪೋಡ್ ಮನೆತನದ ಕುಂಬಾರರು ಚೀನಾದ ಪಿಂಗಾಣಿಗೆ ಸಾಟಿಯಾಗುವ ಪಾತ್ರೆಗಾಗಿ ಈ ಪಾಕವನ್ನು ಹದಕ್ಕೆ ತಂದರು. ಕಸಾಯಿಖಾನೆಯ ಮೂಳೆಯನ್ನು ಸುಟ್ಟು ಪುಡಿಮಾಡಿ ಬಿಳಿ ಜೇಡಿಯೊಂದಿಗೆ ಬೆರೆಸುವುದು. ಕಪ್ಪಿನ ಬಿಳುಪು, ತೆಳುವಿದ್ದರೂ ಸುಲಭಕ್ಕೆ ಒಡೆಯದ ಗಟ್ಟಿತನ, ಬೆಳಕು ಹಾಯುವ ಗುಣ ಎಲ್ಲವೂ ಆ ಬೂದಿಯ ಕೊಡುಗೆ.

ಈ ಸಲದ ಅಂಕಣಕ್ಕೆ ಸಂಗತಿ ಆಯುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಕಾಸಿಲ್ಲದವರು ಬೇರೆ ದಾರಿಯಿಲ್ಲದೆ ಕಸ ಮುಟ್ಟಿದರು ಎಂಬುದು ಅರ್ಧ ಕಥೆ. ಹೊಸ ವಸ್ತುವಿಗೆ ಇಲ್ಲದ ಗುಣವೊಂದು ಆ ಹಳತಿನಲ್ಲಿ, ಆ ಉಳಿಕೆಯಲ್ಲಿ ಇತ್ತು. ಅದನ್ನು ಯಾರೋ ಗುರುತಿಸಿದರು. ಮುಂದಿನ ಸಂಗತಿಗಳನ್ನೂ ಆ ಕಣ್ಣಿನಿಂದಲೇ ನೋಡಿ.

● ಕಾರಿನ ಬಣ್ಣವೂ ಒಡವೆಯ ಹರಳಾಗುತ್ತದೆ! ಅಮೆರಿಕದ ಡೆಟ್ರಾಯ್ಟ್ ಕಾರ್ಖಾನೆಗಳಲ್ಲಿ ಮೊದಲೆಲ್ಲ ಕಾರಿಗೆ ಕೈಯಿಂದಲೇ ಬಣ್ಣ ಸಿಂಪಡಿಸುತ್ತಿದ್ದರು. ಅತ್ತಿತ್ತ ಚಿಮ್ಮಿದ ಬಣ್ಣ ಕಾರು ಹೊತ್ತ ಕಬ್ಬಿಣದ ಚೌಕಟ್ಟಿನ ಮೇಲೆ ಕೂರುತ್ತಿತ್ತು. ಕಾರಿನ ಬಣ್ಣ ಗಟ್ಟಿಯಾಗಲು ಒಲೆಗೆ ಹೋದಾಗಲೆಲ್ಲ ಅದೂ ಬೇಯುತ್ತಿತ್ತು. ಮರುದಿನ ಇನ್ನೊಂದು ಬಣ್ಣ, ಇನ್ನೊಂದು ಬೇಯುವಿಕೆ. ಹೀಗೆ ಪದರದ ಮೇಲೆ ಪದರ ಏರಿ ಕಲ್ಲಿನಂತಾದ ಹೆಕ್ಕಳಿಕೆಯನ್ನು ಕಾರ್ಮಿಕರು ಕಿತ್ತು ಮನೆಗೆ ಒಯ್ದು, ಕತ್ತರಿಸಿ, ಸಾಣೆ ಹಿಡಿದು ಉಂಗುರಕ್ಕೆ ಕೂರಿಸಿದರು. ಇದರ ಹೆಸರು ‘ಫೋರ್ಡೈಟ್’. ಈಗ ಬಣ್ಣವನ್ನು ವಿದ್ಯುತ್ ಸೆಳೆತದಿಂದ ನೇರ ಲೋಹಕ್ಕೇ ಅಂಟಿಸುವುದರಿಂದ ಹೊರಗೆ ಚೆಲ್ಲುವುದು ಬಹಳ ಕಡಿಮೆಯಾಗಿದೆ. ಹಾಗಾಗಿ ಹಳೆಯ ಹರಳಿಗೆ ಬೇಡಿಕೆ ಹೆಚ್ಚು.

● ಸೋವಿಯತ್ ಒಕ್ಕೂಟದಲ್ಲಿ ಎಕ್ಸ್‌ರೇ ಹಾಳೆಯ ಮೇಲೆ ಹಾಡು ಕೇಳುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಸರ್ಕಾರ ಒಪ್ಪದ ಜಾಜ್, ರಾಕ್ ಸಂಗೀತದ ತಟ್ಟೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಲೆನಿನ್‌ಗ್ರಾಡಿನ ಹುಡುಗರು ಆಸ್ಪತ್ರೆಗಳು ಹೊರಹಾಕಿದ ಎಕ್ಸ್‌ರೇ ಹಾಳೆ ತಂದು ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನಿಂದ ತೂತು ಸುಟ್ಟು, ಅದರ ಮೇಲೆ ಹಾಡಿನ ಗೆರೆ ಕೊರೆದರು. ಗೆರೆ ಹಿಡಿಯುವಷ್ಟು ಮೆತ್ತಗೆ, ತಿರುಗುವಾಗ ಮುದುಡದಷ್ಟು ಗಟ್ಟಿ. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ ಮುಳ್ಳು ಓಡುತ್ತಿದ್ದ ಆ ತಟ್ಟೆಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

● ಈಗ ಟ್ರಿನಿಡಾಡಿಗೆ ಬನ್ನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಳೆದ ಶತಮಾನದಲ್ಲಿ ಹುಟ್ಟಿದ, ವಿದ್ಯುತ್ ಬೇಡದ ಹೊಸ ವಾದ್ಯಗಳನ್ನು ಎಣಿಸಲು ಹೊರಟರೆ ಮೊದಲು ನೆನಪಾಗುವುದು ಸ್ಟೀಲ್‌ಪ್ಯಾನ್. ಅದು ಹುಟ್ಟಿದ್ದು ಖಾಲಿ ಎಣ್ಣೆ ಪೀಪಾಯಿಯಿಂದ.

ಗುಲಾಮರಾಗಿ ಬಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು ಹಬ್ಬದಲ್ಲಿ ಡೋಲು ಬಡಿಯುವುದನ್ನು 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಆಡಳಿತ ತಡೆಯಿತು. ಅವರು ಬಿದಿರಿನ ಗಳ ಕತ್ತರಿಸಿ ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕಕ್ಕೆ ಬಿಸ್ಕತ್ತಿನ ಡಬ್ಬಿ, ಕಸದ ಡಬ್ಬಿಯ ಮುಚ್ಚಳ, ಮೋಟಾರಿನ ಬ್ರೇಕ್ ಡ್ರಮ್ಮು ಎಲ್ಲವೂ ಬೀದಿ ಮೇಳ ಸೇರಿದವು. ಬಡಿದು ಬಡಿದು ಡಬ್ಬಿಯ ತಳ ಉಬ್ಬಿದ ಕಡೆ, ತಗ್ಗಿದ ಕಡೆ ಬೇರೆ ಬೇರೆ ಸ್ವರ ಬರುವುದನ್ನು ಕಿವಿಯಿದ್ದ ಹುಡುಗರು ಹಿಡಿದರು. ಟ್ರಿನಿಡಾಡ್ ಎಣ್ಣೆ ತೆಗೆಯುವ ದ್ವೀಪ, ಯುದ್ಧಕಾಲದಲ್ಲಿ ಅಮೆರಿಕದ ಸೇನಾ ನೆಲೆಯೂ ಅಲ್ಲಿತ್ತು. 55 ಗ್ಯಾಲನ್ನಿನ ಖಾಲಿ ಪೀಪಾಯಿಗಳಿಗೆ ಬರವಿರಲಿಲ್ಲ. ಎಲ್ಲಿ ಮ್ಯಾನೆಟ್ ಎಂಬ ತರುಣ 1940ರ ದಶಕದಲ್ಲಿ ಆ ದೊಡ್ಡ ಪೀಪಾಯಿಯ ತಳವನ್ನು ಒಳಕ್ಕೆ ತಗ್ಗಿಸಿ ವಾದ್ಯ ಮಾಡಿದವರಲ್ಲಿ ಮುಖ್ಯ.

ಮಾಡುವ ಬಗೆಯಲ್ಲಿ ಬೆರಗಿದೆ. ಪೀಪಾಯಿಯ ತಳವನ್ನು ಭಾರದ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ಬಡಿದು ಬೋಗುಣಿಯಂತೆ ತಗ್ಗು ಮಾಡುತ್ತಾರೆ. ತಗಡು ಹಿಗ್ಗುತ್ತ ತೆಳುವಾಗುತ್ತದೆ, ಆದರೆ ಹರಿಯಬಾರದು. ಒಂದೊಂದು ಸ್ವರಕ್ಕೂ ಜಾಗ ಗುರುತಿಸಿ ಸುತ್ತ ಗೆರೆ ಕುಟ್ಟಿ ಬೇರ್ಪಡಿಸುತ್ತಾರೆ. ಬೆಂಕಿಯ ಮೇಲೆ ಕಾಯಿಸಿ ಹದ ಕೊಡುತ್ತಾರೆ. ಕೊನೆಗೆ ಸಣ್ಣ ಸುತ್ತಿಗೆ ಹಿಡಿದು ಕೆಳಗಿನಿಂದೊಮ್ಮೆ ಮೇಲಿನಿಂದೊಮ್ಮೆ ತಟ್ಟುತ್ತ ಶ್ರುತಿ ಮಾಡುತ್ತಾರೆ. ಪೀಪಾಯಿಯ ಪಕ್ಕವನ್ನು ಎಷ್ಟು ಉದ್ದ ಬಿಡಬೇಕು ಎಂಬುದಕ್ಕೂ ಲೆಕ್ಕವಿದೆ. ತಾರಸ್ವರದ ಪ್ಯಾನಿಗೆ ಗಿಡ್ಡ ಅಂಚು ಸಾಕು, ಮಂದ್ರಕ್ಕೆ ಇಡೀ ಪೀಪಾಯಿಯೇ ಬೇಕು. 1951ರಲ್ಲಿ ಟ್ರಿನಿಡಾಡಿನ ತಂಡ ಲಂಡನ್ನಿನ ‘ಫೆಸ್ಟಿವಲ್ ಆಫ್ ಬ್ರಿಟನ್’ನಲ್ಲಿ ನುಡಿಸಿತು. ಡೋಲಿಗೆ ತಡೆ ಹಾಕಿದ್ದವರ ರಾಜಧಾನಿ ಅದು. 1992ರಲ್ಲಿ ಸ್ಟೀಲ್‌ಪ್ಯಾನ್ ಟ್ರಿನಿಡಾಡ್-ಟೊಬಾಗೊದ ರಾಷ್ಟ್ರೀಯ ವಾದ್ಯವಾಯಿತು. ಆಗಸ್ಟ್ 11 ಈಗ ವಿಶ್ವಸಂಸ್ಥೆ ಸಾರಿದ ಸ್ಟೀಲ್‌ಪ್ಯಾನ್ ದಿನ.

● ಪೆರಗ್ವೆಯ ರಾಜಧಾನಿ ಅಸುನ್ಸಿಯೋನ್ ಪಕ್ಕದ ಕಟೆಯುರಾ, ನಗರದ ಕಸವೆಲ್ಲ ಬಂದು ಬೀಳುವ ಜಾಗ. ಅಲ್ಲಿನ ಮಕ್ಕಳಿಗೆ ಫಾವಿಯೊ ಚಾವೆಸ್ ಸಂಗೀತ ಕಲಿಸತೊಡಗಿದಾಗ ವಾದ್ಯಗಳು ಸಾಲಲಿಲ್ಲ. ನಿಜವಾದ ಪಿಟೀಲಿನ ಬೆಲೆ ಅಲ್ಲಿನ ಒಂದು ಮನೆಯ ಬೆಲೆಗಿಂತ ಹೆಚ್ಚು. ಕಸ ಆಯುವ ನಿಕೊಲಾಸ್ ಗೋಮೆಸ್ ತಗಡಿನ ಡಬ್ಬಿಗೆ ಊಟದ ಫೋರ್ಕ್ ಸೇರಿಸಿ ಪಿಟೀಲು, ಎಣ್ಣೆ ಪೀಪಾಯಿಯಿಂದ ಚೆಲೊ ಮಾಡಿಕೊಟ್ಟ. ನೀರಿನ ಕೊಳವೆಯ ಸ್ಯಾಕ್ಸೊಫೋನಿಗೆ ಚಮಚ, ಗುಂಡಿ, ಬಾಟಲಿ ಮುಚ್ಚಳಗಳೇ ಬಿರಡೆ. ಆ ಮಕ್ಕಳ ವಾದ್ಯವೃಂದ 2014ರಲ್ಲಿ ‘ಮೆಟಾಲಿಕಾ’ ತಂಡದ ಜೊತೆ ವೇದಿಕೆ ಏರಿತು.

● ನೀರಜ್ ಚೋಪ್ರಾ ಅವರ ಟೋಕಿಯೊ ಒಲಿಂಪಿಕ್ಸ್ ಚಿನ್ನದ ಪದಕ ಹಳೆಯ ಮೊಬೈಲಿನಂಥ ಸಾಮಾನುಗಳಿಂದ ಬಂದದ್ದು. ಜಪಾನಿನ ಜನ 2017ರಿಂದ 2019ರವರೆಗೆ ಸುಮಾರು 79,000 ಟನ್ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಒಪ್ಪಿಸಿದರು. ಅದರಲ್ಲಿ ಮೊಬೈಲುಗಳೇ 62 ಲಕ್ಷ. ಕರಗಿಸಿದಾಗ ಸಿಕ್ಕಿದ್ದು 32 ಕಿಲೊ ಚಿನ್ನ, 3,500 ಕಿಲೊ ಬೆಳ್ಳಿ, 2,200 ಕಿಲೊ ಕಂಚು. ಸುಮಾರು 5,000 ಪದಕಗಳಿಗೆ ಅಷ್ಟು ಸಾಕಾಯಿತು.

● ಸೈಕಲ್ಲಿನ ಸೀಟು, ಅದರ ಮೇಲೆ ಹ್ಯಾಂಡಲ್ಲು. ಪಿಕಾಸೊ 1942ರಲ್ಲಿ ಇವೆರಡನ್ನು ಜೋಡಿಸಿ ಗೂಳಿಯ ತಲೆ ಮಾಡಿದ. ಮೂರನೆಯ ವಸ್ತು ಅದರಲ್ಲಿಲ್ಲ.

● ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಆಫ್ರಿಕನ್ನರ ವಂಶದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ‘ಕವಂದಿ’ ಎಂಬ ಹೊದಿಕೆಗೆ ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ ಮೂಲೆಯಿಂದ ಹೊಲಿಗೆ ಶುರುಮಾಡುತ್ತಾರೆ. ಅಂಚು ಹಿಡಿದು ಸುತ್ತು ಬರುತ್ತ, ಹರಿದ ಲಂಗ, ಅಂಗಿ, ಲುಂಗಿ, ಯಾವುದು ಕೈಗೆ ಬಂತೋ ಆ ತುಂಡನ್ನು ಮಡಚಿ ಕೂರಿಸುತ್ತ, ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ತ್ರಿಕೋನಾಕಾರದಲ್ಲಿ ಮಡಚಿದ ‘ಫೂಲ್’ ಇಡದಿದ್ದರೆ ಕವಂದಿ ಮುಗಿದಂತಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯ ಕೌದಿಯನ್ನು ಬಲ್ಲವರಿಗೆ ಆ ಒತ್ತಾದ ಸಾಲು ಹೊಲಿಗೆ ಹೊಸದಲ್ಲ.

ಇದಕ್ಕೆ ಹೊಸ ಬಟ್ಟೆ ಯಾಕಾಗದು? ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಒಗೆದರೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ವರ್ಷಗಟ್ಟಲೆ ಉಟ್ಟು ಒಗೆದ ಹತ್ತಿ ಸೀರೆ ಕುಗ್ಗುವಷ್ಟೂ ಕುಗ್ಗಿ, ಬಿಡುವಷ್ಟೂ ಬಣ್ಣ ಬಿಟ್ಟು ಮೈಗೆ ಮೆತ್ತಗಾಗಿರುತ್ತದೆ. ಪದರದ ಮೇಲೆ ಪದರ ಹೊಲಿದರೂ ಸೂಜಿ ಸಲೀಸಾಗಿ ಇಳಿಯುತ್ತದೆ. ಹುಟ್ಟಿದ ಕೂಸನ್ನು ಹಳೇ ಬಟ್ಟೆಯಲ್ಲಿ ಸುತ್ತುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಅಲಬಾಮಾದಲ್ಲಿ ನದಿಯ ತಿರುವಿನೊಳಗೆ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿನವರೂ ಗುಲಾಮಗಿರಿಗೆ ಸಿಕ್ಕಿ ಬಂದ ಆಫ್ರಿಕನ್ನರ ವಂಶದವರು. ಹೊಲದ ಕೆಲಸದಲ್ಲಿ ಸವೆದ ಜೀನ್ಸು, ಅಂಗಿಗಳಿಂದ ಅಲ್ಲಿನ ಹೆಂಗಸರು ಚಳಿಗೆಂದು ಹೊಲಿದ ರಜಾಯಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆಗೇರಿದವು, ಆಮೇಲೆ ನ್ಯೂಯಾರ್ಕಿನ ವಿಟ್ನಿಗೆ ಹೋದವು. 2006ರಲ್ಲಿ ಅವು ಅಂಚೆ ಚೀಟಿಯ ಮೇಲೆ ಬಂದವು. ಮಂಡಿಯ ಜಾಗದಲ್ಲಿ ಸವೆದು ಮಾಸಿದ ನೀಲಿ, ಜೇಬು ಕಿತ್ತ ಕಡೆ ಉಳಿದ ಗಾಢ ಚೌಕ, ಇವೇ ಆ ರಜಾಯಿಗಳ ಚಿತ್ತಾರ. ಸಿದ್ದಿ ಕವಂದಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ನಮ್ಮಲ್ಲಿ ಕೌದಿ ಕೊಳ್ಳಲು ಬಂದವರು ‘ಹಳೇ ಬಟ್ಟೆ ತಾನೇ’ ಎಂದು ಚೌಕಾಸಿಗೆ ಇಳಿಯುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಟ್ಟೆ ಹಳೆಯದೇ ಇರಲಿ, ಅದರ ಮೇಲೆ ಬಿದ್ದ ಸಾವಿರಾರು ಹೊಲಿಗೆಗೆ ಕೂಲಿ ಬೇಡವೇ?

● ನಿಮ್ಮ ಜೇಬಿನ ನೋಟು ಹತ್ತಿಯದು. ನೂಲಿನ ಗಿರಣಿಯಲ್ಲಿ ಹತ್ತಿ ಬಾಚುವಾಗ ಉದುರುವ ಗಿಡ್ಡ ಎಳೆ ಒಳ್ಳೆಯ ನೂಲಿಗೆ ಬಾರದು. ಆ ಉಳಿಕೆಯೇ ನೋಟಿನ ಕಾಗದಕ್ಕೆ ಕಚ್ಚಾವಸ್ತು. ಅಂಥ ಕಾಗದ ಮಾಡುವ ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇದೆ. 2016ರಲ್ಲಿ ರದ್ದಾದ ನೋಟುಗಳ ಚೂರು ಕೇರಳದ ಕಣ್ಣೂರಿಗೆ ಹೋಗಿ ಮರದ ತಿರುಳಿನ ಜೊತೆ ಬೆರೆತು ಹಾರ್ಡ್‌ಬೋರ್ಡ್ ಆಯಿತು.

● ಹೊಗೆ ಕೊಳವೆಯ ಮಸಿಯಿಂದ ಶಾಯಿ ಮಾಡಿದ್ದು ಬೆಂಗಳೂರಿನಲ್ಲಿ. ಅನಿರುದ್ಧ ಶರ್ಮ ಮತ್ತು ಗೆಳೆಯರ ಗ್ರ್ಯಾವಿಕಿ ಲ್ಯಾಬ್ಸ್ ಡೀಸೆಲ್ ಹೊಗೆಯಲ್ಲಿನ ಮಸಿಯನ್ನು ಹಿಡಿದು, ವಿಷದ ಅಂಶ ತೆಗೆದು, ಚಿತ್ರ ಬರೆಯುವ ಕಪ್ಪು ಶಾಯಿ ತಯಾರಿಸಿತು. ‘ಏರ್ ಇಂಕ್’ ಅದರ ಹೆಸರು. ಸುಮಾರು 45 ನಿಮಿಷ ಗಾಡಿ ಉಗುಳುವ ಹೊಗೆಯಿಂದ 30 ಮಿಲಿಲೀಟರ್ ಶಾಯಿ ಎಂದು ಅವರ ಲೆಕ್ಕ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತಿಕ್ಕಿ ಕಾಣುವಂತೆ ಮಾಡುತ್ತಿದ್ದ ನಾಡಿಗೆ ಇದು ಒಪ್ಪುವ ಕೆಲಸ.

● ಮೂವರು ಸಾಮಾನ್ಯ ನೌಕರರ ಹಟದ ಕಥೆ ಇದು. ಫ್ರಾನ್ಸಿನ ಹೋತ್‌ರೀವ್ ಹಳ್ಳಿಯ ಅಂಚೆಯವ ಫರ್ಡಿನಾಂಡ್ ಶೆವಾಲ್ ಕಾಗದ ಹಂಚುವ ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಆಯ್ದು ತಂದು, 1879ರಿಂದ 1912ರವರೆಗೆ 33 ವರ್ಷ ಒಬ್ಬನೇ ಒಂದು ಅರಮನೆ ಕಟ್ಟಿದ. 1969ರಲ್ಲಿ ಅದು ಸಂರಕ್ಷಿತ ಸ್ಮಾರಕವಾಯಿತು. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಇಟಲಿಯಿಂದ ವಲಸೆ ಬಂದ ಕೂಲಿಕಾರ ಸೈಮನ್ ರೊಡಿಯಾ 1921ರಿಂದ 1954ರವರೆಗೆ, ಅವನದೂ 33 ವರ್ಷವೇ, ಕಬ್ಬಿಣದ ಸರಳಿಗೆ ಗಾರೆ ಮೆತ್ತಿ, ಒಡೆದ ಟೈಲ್ಸು, ಸೋಡಾ ಬಾಟಲಿ, ಚಿಪ್ಪು ಒತ್ತಿ ಸುಮಾರು 30 ಮೀಟರ್ ಎತ್ತರದ ಗೋಪುರಗಳನ್ನು ಎಬ್ಬಿಸಿದ. ವೆಲ್ಡಿಂಗ್ ಇಲ್ಲ, ಬೋಲ್ಟ್ ಇಲ್ಲ. ಬಿದ್ದೀತೆಂದು ನಗರಾಡಳಿತ ಕೆಡವಲು ಹೊರಟಿತು. 1959ರಲ್ಲಿ 10,000 ಪೌಂಡ್ ಬಲದಿಂದ ಜಗ್ಗಿ ಪರೀಕ್ಷಿಸಿದರೂ ಗೋಪುರ ಜಗ್ಗಲಿಲ್ಲ. ಕೆಡವುವ ಮಾತು ಅಲ್ಲಿಗೆ ನಿಂತಿತು.

ಮೂರನೆಯವರು ನಮ್ಮವರು. ದೇಶ ಒಡೆದಾಗ ಆಚೆಯ ಹಳ್ಳಿ ಬಿಟ್ಟು ಬಂದ ನೇಕ್ ಚಂದ್, ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಲ ಕಾರ್ಬೂಸಿಯೆ ಗೆರೆ ಎಳೆದ ಹೊಸ ನಗರಕ್ಕಾಗಿ ಹಳೆಯ ಹಳ್ಳಿಗಳನ್ನು ಕೆಡವಿದಾಗ ಉಳಿದ ಅವಶೇಷ, ಕಟ್ಟಡಗಳಿಂದ ಬಿದ್ದ ಟೈಲ್ಸು, ಪಿಂಗಾಣಿ, ಸುಟ್ಟುಹೋದ ವಿದ್ಯುತ್ ಫಿಟ್ಟಿಂಗು ಎಲ್ಲವನ್ನೂ ಸೈಕಲ್ಲಿನ ಮೇಲೆ ಹೇರಿಕೊಂಡು ಸುಖ್ನಾ ಕೆರೆಯ ಬಳಿಯ ಕಾಡಿಗೆ ಸಾಗಿಸಿದರು. ಅಲ್ಲಿ ಕಟ್ಟಡ ಕಟ್ಟುವಂತಿರಲಿಲ್ಲ. ಹಗಲು ಸರ್ಕಾರಿ ಕೆಲಸ, ರಾತ್ರಿ ಗುಟ್ಟಿನ ಕೆಲಸ. 1950ರ ದಶಕದ ಕೊನೆಗೆ ಶುರುವಾದದ್ದು 1970ರ ದಶಕದವರೆಗೂ ಅಧಿಕಾರಿಗಳಿಗೆ ಗೊತ್ತಾಗಲಿಲ್ಲ! ಸಿಕ್ಕಿಬಿದ್ದಾಗ ಕಾನೂನಿನ ಪ್ರಕಾರ ಎಲ್ಲವನ್ನೂ ಕೆಡವಬೇಕಿತ್ತು. ಅಧಿಕಾರಿಗಳಲ್ಲಿ ಕಣ್ಣುಳ್ಳವರಿದ್ದರು. 1976ರಲ್ಲಿ ‘ರಾಕ್ ಗಾರ್ಡನ್’ ಜನರಿಗೆ ತೆರೆಯಿತು, ನೇಕ್ ಚಂದ್ ಅವರಿಗೆ ಸಂಬಳದ ಜೊತೆ 50 ಕೂಲಿಯಾಳುಗಳನ್ನೂ ಕೊಟ್ಟರು. 1984ರಲ್ಲಿ ಪದ್ಮಶ್ರೀ ಬಂತು.

ಅಲ್ಲಿನ ಹೆಣ್ಣುಬೊಂಬೆಗಳ ಹತ್ತಿರ ಹೋಗಿ ನೋಡಿ. ಉಟ್ಟ ಸೀರೆಯೆಲ್ಲ ಬಳೆಚೂರು. ಕೆಂಪು, ಹಸಿರು, ಹಳದಿ ಚೂರುಗಳನ್ನು ಬಾಗು ಒಂದೇ ದಿಕ್ಕಿಗೆ ಬರುವಂತೆ ಹಸಿ ಸಿಮೆಂಟಿಗೆ ಒತ್ತಿದ್ದಾರೆ, ನೆರಿಗೆ ತಾನಾಗಿ ಮೂಡಿದೆ. ಗಾಜಿಗೆ ಬಿಸಿಲು ಮಳೆಯ ಭಯವಿಲ್ಲ. ಬಣ್ಣ ಬಳಿದ ಬೊಂಬೆಯಾಗಿದ್ದರೆ ಇಷ್ಟು ಹೊತ್ತಿಗೆ ಮಾಸಿರುತ್ತಿತ್ತು.

● ಆನೆಗೊಂದಿಯಲ್ಲಿ ಬಾಳೆಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯುತ್ತಿದ್ದ ಬಾಳೆದಿಂಡಿನ ನಾರಿನಿಂದ ಹೆಂಗಸರು ಹುರಿ ಹೊಸೆದು ಬುಟ್ಟಿ, ಚೀಲ, ಚಾಪೆ ಹೆಣೆಯುತ್ತಾರೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಇದಕ್ಕೆ ದಾರಿ ಮಾಡಿಕೊಟ್ಟಿತು.

● ಮೊಜಾಂಬಿಕ್‌ನಲ್ಲಿ 1992ರಲ್ಲಿ ಅಂತರ್ಯುದ್ಧ ಮುಗಿದಾಗ ಮನೆಮನೆಯಲ್ಲಿ ಬಂದೂಕಿತ್ತು. ಬಿಷಪ್ ದಿನಿಸ್ ಸೆಂಗುಲಾನೆ 1995ರಲ್ಲಿ ಒಂದು ಯೋಜನೆ ಹೂಡಿದರು. ಬಂದೂಕು ತಂದುಕೊಡಿ, ಹೊಲಿಗೆ ಯಂತ್ರ, ಸೈಕಲ್ಲು, ಗುದ್ದಲಿ ತೆಗೆದುಕೊಂಡು ಹೋಗಿ. ಹಾಗೆ ಬಂದ ಬಂದೂಕುಗಳನ್ನು ಕತ್ತರಿಸಿ ‘ಕೆಸ್ಟರ್’ ಎಂಬ ಕಲಾವಿದ 2001ರಲ್ಲಿ ಮಾಡಿದ ಕುರ್ಚಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆ ಕುರ್ಚಿಯಲ್ಲಿನ ಒಂದು ಬಂದೂಕೂ ಮೊಜಾಂಬಿಕ್‌ನಲ್ಲಿ ತಯಾರಾದದ್ದಲ್ಲ. ಲಾವೋಸಿನ ಬಾನ್ ನಾಪಿಯಾ ಹಳ್ಳಿಯವರು ಅಮೆರಿಕ ಸುರಿದ ಬಾಂಬುಗಳ ಅಲ್ಯೂಮಿನಿಯಂ ಕರಗಿಸಿ ಊಟದ ಚಮಚ ಎರಕ ಹೊಯ್ಯುತ್ತಾರೆ.

● ನೈಜೀರಿಯಾದ ನ್ಸುಕ್ಕಾದಲ್ಲಿ ಬಹುಕಾಲ ನೆಲೆಸಿದ್ದ ಘಾನಾದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ತಗಡಿನ ಮುಚ್ಚಳ ಚಪ್ಪಟೆ ಮಾಡಿ ತಾಮ್ರದ ತಂತಿಯಿಂದ ಹೊಲಿದು ಗೋಡೆ ತುಂಬುವ ಪರದೆ ಮಾಡುತ್ತಾರೆ. ದೂರದಿಂದ ಜರತಾರಿ ಬಟ್ಟೆ, ಹತ್ತಿರ ಹೋದರೆ ರಮ್ಮು ಬ್ರಾಂದಿಯ ಹೆಸರು ಓದಬಹುದು. ಮದ್ಯವನ್ನೇ ಸರಕಾಗಿ ಕೊಟ್ಟು ಆಫ್ರಿಕಾದಿಂದ ಗುಲಾಮರನ್ನು ಕೊಂಡ ಚರಿತ್ರೆ ಆ ಮುಚ್ಚಳಗಳಲ್ಲೇ ಇದೆ. ಹೊಸ ತಗಡಿನಿಂದ ಈ ಮಾತು ಹೊರಡದು. 2015ರಲ್ಲಿ ವೆನಿಸ್ ಬಿಯೆನಾಲೆ ಅವರಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಕೊಟ್ಟಿತು.

● ಕೊನೆಯದು ತಿರುವುಮುರುವು. ‘ಹಳೇ ಜರಿ ಸೀರೆ ಕೊಳ್ತೀವಿ’ ಎಂದು ಕೂಗುತ್ತ ಬರುವವರಿಗೆ ಸೀರೆ ಕೊಟ್ಟಿದ್ದೀರಾ? ಅಲ್ಲಿ ಕಲೆಯೇ ಕಚ್ಚಾವಸ್ತು. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ ತಂತಿ, ಮೇಲೆ ಚಿನ್ನದ ಲೇಪ. ಸರ್ಕಾರಿ ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಕೊಂಡವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ, ರೇಷ್ಮೆ ಬೂದಿಯಾಗುತ್ತದೆ. ಅಜ್ಜಿಯ ಸೆರಗಿನ ನೇಯ್ಗೆ ಹಾಗೆ ಹೋಗುವುದು ನನಗಂತೂ ಒಪ್ಪಿಗೆಯಿಲ್ಲ. ಸೆರಗು, ಅಂಚು ಬಿಚ್ಚಿ ಹೊಸ ಬಟ್ಟೆಗೆ ಕೂರಿಸಿಕೊಡುವ ದರ್ಜಿಗಳು ಇದ್ದಾರೆ, ಅವರನ್ನು ಕೇಳಿ. ಕೊಡಲೇಬೇಕಾದರೆ, ಜರಿಯ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ಕಂಡರೆ ಅದು ಅಸಲಿ ಜರಿಯ ಗುರುತು. ಬೆಳ್ಳಿಯ ದರ ವಿಚಾರಿಸದೆ ಬಾಗಿಲಲ್ಲಿ ಹೇಳಿದ ಬೆಲೆಗೆ ಕೊಡಬೇಡಿ.